ರ‍್ಯಾಲಿ ಕಾರಿಗೆ ಮನೆಯಲ್ಲೇ ಕ್ಯಾಮೆರಾ ಮೌಂಟ್: ಶಿರಸಿಯ ಲೇತ್ ಅಂಗಡಿಯಿಂದ ರೋಲ್ ಕೇಜ್‌ವರೆಗೆ

ಕಾರಿನೊಳಗೆ ಕೂರಿಸಿದ ಕ್ಯಾಮೆರಾ ಓಡಿಸುವವರಿಗೆ ಒಳ್ಳೆಯ ಮೇಷ್ಟ್ರು. ಯಾವ ತಿರುವಿನಲ್ಲಿ ಬೇಗ ಬ್ರೇಕ್ ಒತ್ತಿದಿರಿ, ಎಲ್ಲಿ ಸ್ಟೀರಿಂಗ್ ಎರಡೆರಡು ಸಲ ತಿದ್ದಿದಿರಿ, ಕೋ-ಡ್ರೈವರ್ ಓದಿದ ಪೇಸ್ ನೋಟ್ (ಮುಂದಿನ ತಿರುವುಗಳ ಟಿಪ್ಪಣಿ) ಕಿವಿಗೆ ಬೀಳುವಷ್ಟರಲ್ಲಿ ತಿರುವು ಬಂದೇಬಿಟ್ಟಿತ್ತಾ, ಎಲ್ಲ ಅದರಲ್ಲಿ ಸಿಗುತ್ತದೆ. ಆದರೆ ಚಿತ್ರ ನಡುಗುತ್ತಿದ್ದರೆ ಇದ್ಯಾವುದೂ ಕಾಣುವುದಿಲ್ಲ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಮೌಂಟ್‌ಗಳು ಪೇಟೆ ರಸ್ತೆಗೆ ಸಾಕು. ಮಣ್ಣಿನ ಸ್ಟೇಜ್‌ಗೆ (ಸಮಯ ಅಳೆದು ಓಡಿಸುವ ರಸ್ತೆ ಭಾಗ) ಅವು ಸಾಲುವುದಿಲ್ಲ.

ಶಿರಸಿಯಂಥ ಊರಿನಲ್ಲಿ ಇದಕ್ಕೆ ಬೇಕಾದ್ದೆಲ್ಲ ಇದೆ. ಅಡಿಕೆ ಸುಲಿಯುವ ಯಂತ್ರ, ಪಂಪ್‌ಸೆಟ್, ಟ್ರ್ಯಾಕ್ಟರ್ ಭಾಗ ರಿಪೇರಿ ಮಾಡುವ ಲೇತ್ ಅಂಗಡಿಗಳಿಗೆ ಈ ಕೆಲಸ ಹೊಸದೇನಲ್ಲ. ಕಾರವಾರದ ಕಡೆಯವರಿಗೆ ದೋಣಿ ಎಂಜಿನ್ ನೋಡುವ ವರ್ಕ್‌ಶಾಪ್‌ಗಳಿವೆ. ಒಂದು ಅಲ್ಯೂಮಿನಿಯಂ ತುಂಡು, ಎರಡು ಉದ್ದ ಬೋಲ್ಟ್, ಒಂದು ಪಟ್ಟಿ, ಸೈಕಲ್ ಟ್ಯೂಬ್, ಸೈಕಲ್ ಬ್ರೇಕ್ ವೈರ್. ಮುಖ್ಯ ಸಾಮಾನು ಇಷ್ಟೇ.

ತೋಳು ಬೇಡ

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಚಿತ್ರ ಹಾಳಾಗುವುದು ಮೌಂಟಿನ ತೋಳಿನಿಂದ. ಅಡಿಕೆ ದೋಟಿಗೆ ಇನ್ನೊಂದು ತುಂಡು ಜೋಡಿಸಿದಾಗ ತುದಿ ಹೇಗೆ ತೂಗಾಡುತ್ತದೆ ಅಂತ ತೋಟದವರಿಗೆ ಹೇಳಬೇಕಾಗಿಲ್ಲ. ಕ್ಯಾಮೆರಾ ತೋಳಿನದ್ದೂ ಅದೇ ಕಥೆ. ತೋಳಿನ ಉದ್ದ ಎರಡು ಪಟ್ಟಾದರೆ ಅದರ ಬಿಗಿತ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ 10 ಸೆಂಟಿಮೀಟರ್ ತೋಳಿಗೆ ಹೋಲಿಸಿದರೆ 20 ಸೆಂಟಿಮೀಟರ್ ತೋಳು ಅಷ್ಟೇ ಭಾರಕ್ಕೆ ಎಂಟು ಪಟ್ಟು ಬಾಗುತ್ತದೆ.

ಬಾಗುವುದಷ್ಟೇ ಆಗಿದ್ದರೆ ಪರವಾಗಿಲ್ಲ. ಬಿಗಿತ ಇಳಿದಷ್ಟೂ ತೋಳು ತಾನಾಗಿ ಕಂಪಿಸುವ ವೇಗವೂ ಇಳಿಯುತ್ತದೆ. ಕಾರಿನ ನಡುಕ ಆ ವೇಗಕ್ಕೆ ಹೊಂದಿಬಿಟ್ಟರೆ ಸಣ್ಣ ಅದುರು ದೊಡ್ಡದಾಗುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200 ಸಲ ಉರಿಯುತ್ತದೆ. ಕಲ್ಲು, ಗುಂಡಿ, ಸಸ್ಪೆನ್ಷನ್‌ನಿಂದ ಬರುವ ನಡುಕ ಇದಕ್ಕಿಂತ ತುಂಬಾ ನಿಧಾನ, ಆದರೆ ಹೊಡೆತ ಜಾಸ್ತಿ. ಮೌಂಟ್ ಎಷ್ಟು ಗಿಡ್ಡ, ಎಷ್ಟು ದಪ್ಪ ಇದ್ದರೆ ಅಷ್ಟು ಈ ರಗಳೆಯಿಂದ ದೂರ.

ಇನ್ನೊಂದು, ಈ ಕ್ಯಾಮೆರಾಗಳ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ. ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಮೇಲಿನ ಸಾಲು ಓದಿ ಕೆಳಗಿನದಕ್ಕೆ ಬರುವಷ್ಟರಲ್ಲಿ ಕ್ಯಾಮೆರಾ ಅಲುಗಿದ್ದರೆ ಡ್ಯಾಶ್‌ಬೋರ್ಡ್ ನೀರಿನಲ್ಲಿ ಕಂಡ ಹಾಗೆ ಬಳುಕುತ್ತದೆ. ಇದನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ಸರಿ ಮಾಡುವುದು ಕಷ್ಟ. ಹಾಗಾಗಿ ನಾವು ಮಾಡುವ ಮೌಂಟಿನಲ್ಲಿ ತೋಳೇ ಇರುವುದಿಲ್ಲ. ಕ್ಯಾಮೆರಾ ನೇರವಾಗಿ ರೋಲ್ ಕೇಜಿನ, ಅಂದರೆ ಕಾರು ಮಗುಚಿದರೆ ಒಳಗಿನವರನ್ನು ಕಾಯುವ ಉಕ್ಕಿನ ಪೈಪುಗಳ ಚೌಕಟ್ಟಿನ, ಒಂದು ಪೈಪಿನ ನೆತ್ತಿಯ ಮೇಲೆ ಕೂರುತ್ತದೆ.

ಜಾಗ ಹುಡುಕಿ, ಅಳತೆ ತೆಗೆಯಿರಿ

ಒಳ್ಳೆಯ ಜಾಗ ಎಂದರೆ ಸೀಟುಗಳ ಹಿಂದೆ ಎಡಕ್ಕೂ ಬಲಕ್ಕೂ ಅಡ್ಡ ಹೋಗುವ ಪೈಪ್. ಸೀಟ್ ಬೆಲ್ಟ್ ಕಟ್ಟುವುದೂ ಅದಕ್ಕೇ. ಎರಡು ಸೀಟುಗಳ ನಡುವೆ ಕ್ಯಾಮೆರಾ ಇಟ್ಟರೆ ಸ್ಟೀರಿಂಗ್, ಡ್ರೈವರ್ ಕೈ, ಗೇರ್, ಮುಂದಿನ ರಸ್ತೆ ಎಲ್ಲ ಒಂದೇ ಚೌಕಟ್ಟಿನಲ್ಲಿ ಬರುತ್ತವೆ. ಬೆಲ್ಟ್ ಸುತ್ತಿದ ಜಾಗಕ್ಕೆ ಮೌಂಟ್ ತಾಗಬಾರದು. ಕ್ಯಾಮೆರಾ ಸೀಟಿನ ಬೆನ್ನಿಗಿಂತ ಮುಂದಕ್ಕೆ ಚಾಚಬಾರದು. ಕಾರು ಗುದ್ದಿದಾಗ ಅಥವಾ ಮಗುಚಿದಾಗ ಹೆಲ್ಮೆಟ್ ಎಲ್ಲೆಲ್ಲಿ ಹೋಗಬಹುದೋ ಅಲ್ಲೆಲ್ಲ ಜಾಗ ಖಾಲಿ ಇರಬೇಕು. ತಲೆ ಹತ್ತಿರದ ಪೈಪಿಗೆ ಸುತ್ತಿದ ಪ್ಯಾಡಿಂಗ್ ಕಿತ್ತು ಅಲ್ಲಿ ಮೌಂಟ್ ಹಾಕುವ ಯೋಚನೆ ಬೇಡವೇ ಬೇಡ.

ಕೇಜಿಗೆ ತೂತು ಕೊರೆಯಬಾರದು, ವೆಲ್ಡ್ ಮಾಡಬಾರದು. ಇದರಲ್ಲಿ ರಾಜಿಯೇ ಇಲ್ಲ. ಎಫ್‌ಐಎ (ಜಾಗತಿಕ ಮೋಟಾರ್ ಕ್ರೀಡಾ ಸಂಸ್ಥೆ) ನಿಯಮದ ಪ್ರಕಾರ ಮುಖ್ಯ ಕಮಾನಿನ, ಅಂದರೆ ಸೀಟುಗಳ ಹಿಂದೆ ಎದ್ದು ನಿಲ್ಲುವ ಕಮಾನಿನ, ಪೈಪ್ ಕನಿಷ್ಠ 45 ಮಿಲಿಮೀಟರ್ ವ್ಯಾಸ, 2.5 ದಪ್ಪ, ಇಲ್ಲವೇ 50 ವ್ಯಾಸ, 2 ದಪ್ಪ. ಉಳಿದ ಪೈಪುಗಳು 38ಕ್ಕೆ 2.5 ಅಥವಾ 40ಕ್ಕೆ 2. ಗೋಡೆ ಎರಡು, ಎರಡೂವರೆ ಮಿಲಿಮೀಟರ್ ಅಷ್ಟೇ ಇರುವ ಪೈಪಿಗೆ ತೂತು ಹೊಡೆದರೆ ಬಾಗುವಾಗ ಅದು ಅಲ್ಲೇ ಮಡಚಿಕೊಳ್ಳುತ್ತದೆ.

ನಿಮ್ಮ ಪೈಪಿನ ಅಳತೆಯನ್ನು ವರ್ನಿಯರ್ ಹಾಕಿಯೇ ತೆಗೆಯಿರಿ. ಬಣ್ಣ ಅಥವಾ ಪೌಡರ್ ಕೋಟಿಂಗ್ ಸೇರಿ 38ರ ಪೈಪು 38.3 ತೋರಿಸಬಹುದು. ಮೌಂಟ್ ಕೂರುವ ಜಾಗದಲ್ಲೇ, ಎರಡು ದಿಕ್ಕಿನಲ್ಲಿ ಅಳೆಯಿರಿ. ಸೈಕಲ್ ಟ್ಯೂಬಿನ ದಪ್ಪವನ್ನೂ ಅಳೆಯಿರಿ, ಸಾಮಾನ್ಯವಾಗಿ ಒಂದು ಮಿಲಿಮೀಟರ್ ಆಸುಪಾಸು ಇರುತ್ತದೆ. ಮುಂದಿನ ಲೆಕ್ಕವೆಲ್ಲ 38ರ ಪೈಪು, 1 ಮಿಲಿಮೀಟರ್ ರಬ್ಬರ್ ಅಂದುಕೊಂಡು ಹೇಳುತ್ತೇನೆ.

ಮೊದಲು ಮರದಲ್ಲಿ

ಲೇತಿಗೆ ಓಡುವ ಮೊದಲು ಮರದಲ್ಲಿ ಒಂದು ಮಾಡಿ ನೋಡಿ. ಬಡಗಿಗಳ ಹತ್ತಿರ ಹಲಸಿನ ತುಂಡೋ ಸಾಗುವಾನಿ ತುಂಡೋ ಇದ್ದೇ ಇರುತ್ತದೆ. ಬಾಗಿಲಿಗೆ ಬೀಗ ಕೂರಿಸಲು ಅವರು ಬಳಸುವ ಹೋಲ್ ಸಾ ಸೆಟ್ಟಿನಲ್ಲಿ 38 ಮಿಲಿಮೀಟರ್‌ನದ್ದು ಸಾಮಾನ್ಯ. ತೂತು ಹೊಡೆದು, ನಡುವೆ ಸೀಳಿ, ಎರಡು ಬೋಲ್ಟ್ ಹಾಕಿ ಪೈಪಿಗೆ ಕಚ್ಚಿಸಿ. ಕ್ಯಾಮೆರಾವನ್ನು ಟೇಪಿನಲ್ಲಿ ಅಂಟಿಸಿ. ಕಾರು ನಿಂತಲ್ಲೇ ನಿಂತಿರಲಿ. ಡ್ರೈವರ್ ಹೆಲ್ಮೆಟ್ ಹಾಕಿ ಬೆಲ್ಟ್ ಬಿಗಿದು ಕೂತಾಗ ಏನು ಕಾಣುತ್ತದೆ ನೋಡಿ. ಎಷ್ಟೋ ಕಾರುಗಳಲ್ಲಿ ಕ್ಯಾಮೆರಾವನ್ನು ಸ್ವಲ್ಪ ಎಡಕ್ಕೋ ಬಲಕ್ಕೋ ಸರಿಸಬೇಕಾಗುತ್ತದೆ. ಅದು ಈಗಲೇ ಗೊತ್ತಾದರೆ ಒಳ್ಳೆಯದು, ಅಲ್ವಾ?

ಅಲ್ಯೂಮಿನಿಯಂ ಕ್ಲ್ಯಾಂಪ್

ಪೈಪನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪಿಗೆ 75 ಮಿಲಿಮೀಟರ್ ಉದ್ದ, 60 ಎತ್ತರ, 25 ದಪ್ಪದ ಅಲ್ಯೂಮಿನಿಯಂ ತುಂಡು ಬೇಕು. 6061 ಅಥವಾ 6082 ದರ್ಜೆಯದ್ದು ಅಂತ ಕೇಳಿ. ಸಿಗದಿದ್ದರೆ ಲೇತ್‌ನವರ ಮೂಲೆಯಲ್ಲಿ ಬಿದ್ದ ಗಟ್ಟಿ ತುಂಡು ಆದೀತು. ಕರಗಿಸಿ ಎರಕ ಹೊಯ್ದ ಅಲ್ಯೂಮಿನಿಯಂ ಬೇಡ. ಒಳಗೆ ಗುಳ್ಳೆ ಇರುತ್ತದೆ, ಎಲ್ಲಿ ಬಿರಿಯುತ್ತದೆ ಅಂತ ಹೇಳಲಾಗದು.

ಇಲ್ಲಿ ಕೆಲಸದ ಸರದಿ ಬಹಳ ಮುಖ್ಯ. ಮೊದಲು ಬೋಲ್ಟಿನ ತೂತು, ಆಮೇಲೆ ಪೈಪು ಕೂರುವ ದೊಡ್ಡ ತೂತು, ಅಂದರೆ ಬೋರ್, ಕೊನೆಗೆ ಸೀಳುವುದು.

75ರ ಉದ್ದದ ಮುಖದ ಮೇಲೆ ನಡುಗೆರೆ ಎಳೆಯಿರಿ. ನಡುವಿನಿಂದ ಎರಡೂ ಕಡೆ 28.5 ಮಿಲಿಮೀಟರ್ ದೂರಕ್ಕೆ ಪಂಚ್ ಹಾಕಿ. ಅಲ್ಲಿ 60ರ ಎತ್ತರ ಪೂರ್ತಿ ತೂರುವಂತೆ 6.5 ಮಿಲಿಮೀಟರ್ ತೂತು. ಕೈ ಡ್ರಿಲ್ಲಿನಲ್ಲಿ ಇಷ್ಟು ಆಳ ನೇರ ಹೋಗುವುದಿಲ್ಲ, ಸ್ಟ್ಯಾಂಡ್ ಇರುವ ಡ್ರಿಲ್ಲಿನಲ್ಲೇ ಮಾಡಿಸಿ. ಸೀಮೆಎಣ್ಣೆ ಅಥವಾ ತೆಂಗಿನೆಣ್ಣೆ ಹನಿಸುತ್ತಾ, ಆಗಾಗ ಬಿಟ್ ಮೇಲೆತ್ತಿ ಚೂರು ತೆಗೆಯುತ್ತಾ ಇರಬೇಕು. ಇಲ್ಲದಿದ್ದರೆ ಅಲ್ಯೂಮಿನಿಯಂ ಬಿಟ್ಟಿಗೆ ಮೆತ್ತಿಕೊಂಡು ಕಚ್ಚಿಬಿಡುತ್ತದೆ.

ನಂತರ ಲೇತಿನಲ್ಲಿ ಫೋರ್ ಜಾ ಚಕ್‌ಗೆ ಹಿಡಿಸಿ, 75ಕ್ಕೆ 60ರ ಮುಖದ ನಟ್ಟನಡುವೆ 40 ಮಿಲಿಮೀಟರ್ ಬೋರ್. 38ರ ಪೈಪು, ಎರಡು ಬದಿಯ ರಬ್ಬರ್ ಸೇರಿ 40. ಬೋರಿಗೂ ಬೋಲ್ಟ್ ತೂತಿಗೂ ನಡುವೆ ಐದು ಮಿಲಿಮೀಟರಿಗಿಂತ ಜಾಸ್ತಿ ಗಟ್ಟಿ ಲೋಹ ಉಳಿಯುತ್ತದೆ. 40ರ ಪೈಪಾದರೆ ಬೋರ್ 42, ಆಗ ತುಂಡನ್ನೇ 80 ಉದ್ದ ತೆಗೆದುಕೊಂಡು ತೂತುಗಳನ್ನು ತಲಾ 30ಕ್ಕೆ ಸರಿಸಿ.

ಕೊನೆಗೆ 75ರ ಉದ್ದಕ್ಕೂ ಬೋರಿನ ನಡುಗೆರೆಯ ಮೇಲೆ ಹ್ಯಾಕ್ಸಾದಿಂದ ಸೀಳಿ ಎರಡು ಅರ್ಧ ಮಾಡಿ. ಗರಗಸ ತಿಂದ ಸುಮಾರು ಒಂದು ಮಿಲಿಮೀಟರ್ ಇದೆಯಲ್ಲ, ಇಡೀ ಹಿಡಿತದ ಗುಟ್ಟು ಅದೇ. ಎರಡು ಅರ್ಧಗಳು ಪೈಪಿನ ಮೇಲೆ ಬಿಗಿಯಾದಾಗ ಅವುಗಳ ಮುಖ ಒಂದಕ್ಕೊಂದು ತಾಗಬಾರದು. ಬೋಲ್ಟ್ ಪೂರ್ತಿ ಬಿಗಿದ ಮೇಲೂ ನಡುವೆ ರಟ್ಟಿನ ಹಾಳೆ ತೂರುವಷ್ಟು ಸಂದಿ ಉಳಿಯಬೇಕು. ತಾಗಿಬಿಟ್ಟರೆ ನೀವು ಬಿಗಿಯುತ್ತಿರುವುದು ಅಲ್ಯೂಮಿನಿಯಂ ಮೇಲೆ ಅಲ್ಯೂಮಿನಿಯಂ, ಪೈಪು ಸಡಿಲವೇ. ಹಾಗಾದರೆ ಸೀಳಿದ ಮುಖಗಳನ್ನು ಅರದಿಂದ ಇನ್ನಷ್ಟು ಉಜ್ಜಿ. ಎಲ್ಲ ಅಂಚುಗಳನ್ನೂ ಅರ ಹಾಕಿ ದುಂಡು ಮಾಡಿ. ಕಾರಿನೊಳಗೆ ಚೂಪಾದ ಮೂಲೆ ಇರಬಾರದು. ಸ್ಪರ್ಧೆಗೆ ಮೊದಲಿನ ವಾಹನ ತಪಾಸಣೆಯಾದ ಸ್ಕ್ರೂಟಿನಿಯಲ್ಲಿ ಕೈ ಆಡಿಸಿ ನೋಡುತ್ತಾರೆ.

ಮೇಲಿನ ಪಟ್ಟಿ, ಕಾಲು ಇಂಚಿನ ಬೋಲ್ಟ್

40 ಅಗಲ, 6 ದಪ್ಪದ ಅಲ್ಯೂಮಿನಿಯಂ ಪಟ್ಟಿಯನ್ನು ಕ್ಲ್ಯಾಂಪಿನಷ್ಟೇ ಉದ್ದಕ್ಕೆ ಕತ್ತರಿಸಿ. ಕ್ಲ್ಯಾಂಪಿನ ಮೇಲಿನ ಅರ್ಧವನ್ನೇ ಅಚ್ಚಿನಂತೆ ಇಟ್ಟು ಅದೇ ಎರಡು 6.5ರ ತೂತುಗಳನ್ನು ಇಲ್ಲಿಗೂ ಇಳಿಸಿ. ಅವೆರಡರ ನಟ್ಟನಡುವೆ ಕ್ಯಾಮೆರಾ ಬೋಲ್ಟಿಗೆ ಇನ್ನೊಂದು ತೂತು, ಬೋಲ್ಟಿನ ತಲೆ ಮುಳುಗುವಂತೆ ಅಡಿಯಿಂದ ಕೌಂಟರ್‌ಸಿಂಕ್ ಮಾಡಿಸಿ.

ಕ್ಯಾಮೆರಾ ಮತ್ತು ಟ್ರೈಪಾಡ್‌ಗಳ ತಿರುಪು ಕಾಲು ಇಂಚಿನದ್ದು, ಇಂಚಿಗೆ 20 ಸುತ್ತು. ಎಂ6 ಬೋಲ್ಟ್ ನೋಡಲು ಅದೇ ಥರ, 6 ಮಿಲಿಮೀಟರ್. ಕಾಲು ಇಂಚು 6.35. ಎಂ6 ಒಂದೆರಡು ಸುತ್ತು ಹೋಗಿ ಕೂತ ಹಾಗೆ ಕಾಣುತ್ತದೆ, ಆದರೆ ಹಿಡಿಯುವುದಿಲ್ಲ. ಬಲವಂತ ಮಾಡಿದರೆ ಕ್ಯಾಮೆರಾದ ಥ್ರೆಡ್ ಹೋಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಹಳೆಯ ಅಳತೆಯ ಕಾಲು ಇಂಚಿನ ವಿಟ್‌ವರ್ತ್ ಬೋಲ್ಟಿಗೂ ಇಂಚಿಗೆ 20 ಸುತ್ತೇ. ಅದು ಈ ಕೆಲಸಕ್ಕೆ ನಡೆಯುತ್ತದೆ. ಒಂದು ಇಂಚು ಉದ್ದದ, ಕೌಂಟರ್‌ಸಿಂಕ್ ತಲೆಯದು ತನ್ನಿ, ಜೊತೆಗೆ ಎರಡು ನಟ್.

ಬೋಲ್ಟನ್ನು ಪಟ್ಟಿಯ ಅಡಿಯಿಂದ ಮೇಲಕ್ಕೆ ತೂರಿಸಿ. ತಲೆ ಪಟ್ಟಿಯೊಳಗೆ ಮುಳುಗಿರಬೇಕು. ಮೇಲಿನಿಂದ ಮೊದಲ ನಟ್ ಹಾಕಿ ಗಟ್ಟಿ ಬಿಗಿದರೆ ಬೋಲ್ಟ್ ಅಲ್ಲಿಗೇ ನಿಂತಿತು. ಈ ನಟ್ಟಿಗೆ ನೀಲಿ ಬಣ್ಣದ ಥ್ರೆಡ್ ಲಾಕರ್ (ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು) ಎರಡು ಹನಿ ಹಾಕಿ. ಅದರ ಮೇಲೆ ಎರಡನೆಯ ನಟ್, ಒಂದು ಅಗಲ ವಾಷರ್, ಅಷ್ಟೇ ಅಗಲದ ರಬ್ಬರ್. ಈಗ ಕ್ಯಾಮೆರಾ ಅಥವಾ ಅದರ ಲೋಹದ ಫ್ರೇಮನ್ನು ತಿರುಗಿಸಿ ಕೂರಿಸಿ. ಮುಖ ರಸ್ತೆ ಕಡೆ ಬಂದಾಗ ಎರಡನೆಯ ನಟ್ಟನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿ ಬಿಗಿಯಿರಿ. ಗ್ಯಾರೇಜಿನಲ್ಲಿ ಚೆಕ್ ನಟ್ ಅನ್ನುವುದು ಇದಕ್ಕೇ. ಕ್ಯಾಮೆರಾ ಆಮೇಲೆ ಎಡಬಲ ತಿರುಗುವುದಿಲ್ಲ.

ಬೋಲ್ಟ್ ಕ್ಯಾಮೆರಾದೊಳಗೆ ಎಷ್ಟು ಹೋಗಬೇಕು ಎಂಬುದನ್ನು ಕಡ್ಡಿಪೆಟ್ಟಿಗೆಯ ಕಡ್ಡಿ ತೂರಿಸಿ ಅಳೆಯಿರಿ. ತೂತಿನ ಆಳಕ್ಕಿಂತ ಅರ್ಧ ಮಿಲಿಮೀಟರ್ ಕಮ್ಮಿಯೇ ಇರಲಿ. ಜಾಸ್ತಿ ಇದ್ದರೆ ಬೋಲ್ಟಿನ ತುದಿಯನ್ನು ಅರದಿಂದ ಉಜ್ಜಿ. ತುದಿ ತಳಕ್ಕೆ ಗುದ್ದಿದರೆ ಒಳಗಿನ ಭಾಗ ಒಡೆಯುತ್ತದೆ. ಕಾಲು ಇಂಚಿನ ತೂತಿಲ್ಲದ, ಅಡಿಯಲ್ಲಿ ಎರಡು ಕಿವಿ ಇರುವ ಆ್ಯಕ್ಷನ್ ಕ್ಯಾಮೆರಾಗಳಿಗೆ ಲೋಹದ ಅಡಾಪ್ಟರ್ ಸಿಗುತ್ತದೆ. ಪ್ಲಾಸ್ಟಿಕ್‌ನದ್ದು ಬೇಡ.

ಎಲ್ಲ ದಿಕ್ಕಿಗೂ ತಿರುಗುವ ಬಾಲ್ ಹೆಡ್ ಯಾಕಿಲ್ಲ ಅಂತ ಕೇಳಬಹುದು. ಬೇಕಾಗುವುದಿಲ್ಲ. ಕ್ಯಾಮೆರಾ ಮೇಲೆ ಕೆಳಗೆ ನೋಡಬೇಕಾದರೆ ಕ್ಲ್ಯಾಂಪನ್ನೇ ಪೈಪಿನ ಮೇಲೆ ತುಸು ಉರುಳಿಸಿ. ಎಡಬಲಕ್ಕೆ ಚೆಕ್ ನಟ್ ಇದೆ. ಕೀಲು ಕಮ್ಮಿಯಾದಷ್ಟೂ ಸಡಿಲವಾಗುವ ಜಾಗ ಕಮ್ಮಿ.

ಜೋಡಣೆ

ಪೈಪಿಗೆ ರಬ್ಬರ್ ಸುತ್ತಿ, ಎರಡು ತುದಿ ಒಂದರ ಮೇಲೊಂದು ಬರದಂತೆ ಕತ್ತರಿಸಿ. ಕ್ಲ್ಯಾಂಪಿನ ಎರಡು ಅರ್ಧ, ಮೇಲೆ ಪಟ್ಟಿ. 80 ಮಿಲಿಮೀಟರ್ ಉದ್ದದ ಎಂ6 ಬೋಲ್ಟ್ ಮೇಲಿನಿಂದ ಕೆಳಕ್ಕೆ, ಎರಡೂ ತುದಿಗೆ ವಾಷರ್, ಕೆಳಗೆ ನೈಲಾಕ್ ನಟ್. ಒಳಗೆ ನೈಲಾನ್ ಬಳೆ ಇರುವ ನಟ್ ಅದು, ನಡುಕಕ್ಕೆ ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ಬೋಲ್ಟಿನ ತುದಿ ನೈಲಾನ್ ದಾಟಿ ಒಂದೆರಡು ಸುತ್ತು ಹೊರಗೆ ಕಾಣಬೇಕು. ಎರಡು ಬೋಲ್ಟನ್ನು ಸರದಿಯಲ್ಲಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಎರಡೂ ಕಡೆ ಸಂದಿ ಒಂದೇ ಸಮ ಇರಲಿ. ಟಾರ್ಕ್ ರೆಂಚ್ ಇದ್ದರೆ 6 ನ್ಯೂಟನ್ ಮೀಟರ್ ಸಾಕು. ಇಲ್ಲದಿದ್ದರೆ 10 ನಂಬರ್ ಸ್ಪ್ಯಾನರನ್ನು ಗಿಡ್ಡವಾಗಿ ಹಿಡಿದು ಕೈಬಲಕ್ಕೆ ಎಷ್ಟು ಬರುತ್ತದೋ ಅಷ್ಟು.

ಕರಾವಳಿಯವರಿಗೆ ಒಂದು ಮಾತು ಜಾಸ್ತಿ ಹೇಳಬೇಕು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಗಾಳಿಯಲ್ಲಿ ಉಪ್ಪಿದೆ. ಮಾಮೂಲಿ ಜಿಂಕ್ ಬೋಲ್ಟ್ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೆಂಪಾಗುತ್ತದೆ. ಅಲ್ಯೂಮಿನಿಯಂ ಮತ್ತು ಬೇರೆ ಲೋಹ ಉಪ್ಪುನೀರಿನ ಪಸೆಯಲ್ಲಿ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ದೋಣಿ ಸಾಮಾನು ಮಾರುವ ಅಂಗಡಿಗಳಲ್ಲಿ 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್ ಕೇಳಿ. ತೂತಿನೊಳಗೆ, ವಾಷರ್ ಅಡಿಯಲ್ಲಿ, ಥ್ರೆಡ್ ಮೇಲೆ ಗ್ರೀಸ್ ಸವರಿ. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಒಣಗಿದ್ದಂತೆಯೇ ಬಿಗಿದರೆ ಥ್ರೆಡ್ ಕಚ್ಚಿ ನಿಂತುಬಿಡುತ್ತದೆ, ಹಾಗಾಗಿ ನಿಧಾನವಾಗಿ ತಿರುಗಿಸಿ. ಪೈಪಿಗೆ ತಾಗುವ ರಬ್ಬರಿಗೆ ಮಾತ್ರ ಗ್ರೀಸ್ ಹತ್ತಬಾರದು.

ಎರಡನೆಯ ಹಿಡಿತ

ಮೌಂಟ್ ಎಷ್ಟೇ ಗಟ್ಟಿ ಇರಲಿ, ಅದು ಬಿಟ್ಟರೂ ಕ್ಯಾಮೆರಾ ಹಾರಬಾರದು. ಕ್ಯಾಮೆರಾ ಮತ್ತು ಫ್ರೇಮ್ ಸೇರಿ 200 ಗ್ರಾಂ ಅಂದುಕೊಳ್ಳಿ. 50 ಜಿ, ಅಂದರೆ ತನ್ನ ತೂಕದ 50 ಪಟ್ಟು, ಹೊಡೆತ ಬಿದ್ದರೆ ಆ ಕ್ಷಣಕ್ಕೆ ಅದರ ಎಳೆತ 10 ಕಿಲೋ ತೂಕದಷ್ಟು. ಅದು ಹಿಂದಿನಿಂದ ಇಬ್ಬರ ತಲೆಗಳ ನಡುವೆ ಹಾರಿ ಬರುವುದನ್ನು ಯೋಚಿಸಿದರೆ ಈ ಭಾಗ ಯಾಕೆ ಬಿಡಬಾರದು ಎಂಬುದು ತಿಳಿಯುತ್ತದೆ.

ಸೈಕಲ್ ಬ್ರೇಕಿನ ಒಳವೈರ್ ತನ್ನಿ. ಒಂದು ತುದಿ ಕ್ಯಾಮೆರಾದ ಲೋಹದ ಫ್ರೇಮಿಗೆ, ಇನ್ನೊಂದು ತುದಿ ನೇರವಾಗಿ ಕೇಜ್ ಪೈಪಿಗೆ. ಕ್ಲ್ಯಾಂಪಿಗೆ ಕಟ್ಟಬೇಡಿ. ಕ್ಲ್ಯಾಂಪೇ ಬಿಚ್ಚಿದರೆ ವೈರ್ ಇದ್ದೂ ಇಲ್ಲದಂತೆ. ಪ್ರತಿ ಕುಣಿಕೆಗೂ ಎರಡು ವೈರ್ ಕ್ಲಿಪ್, ತುದಿಗೆ ಟೇಪ್. ವೈರ್ ಎಷ್ಟು ಗಿಡ್ಡ ಇರಬೇಕೆಂದರೆ ಕ್ಯಾಮೆರಾ ಕಳಚಿ ಜೋತಾಡಿದರೂ ಸೀಟಿನ ಬೆನ್ನು ದಾಟಿ ಮುಂದೆ ಬರಬಾರದು. ಪ್ಲಾಸ್ಟಿಕ್ ಜಿಪ್ ಟೈ ಈ ಕೆಲಸಕ್ಕಲ್ಲ. ಬಿಸಿಲಿಗೆ ಅದು ಒಣಗಿ ಪಟ್ಟನೆ ತುಂಡಾಗುತ್ತದೆ.

ಪರೀಕ್ಷೆ

ಕ್ಯಾಮೆರಾ ತೆಗೆದಿಟ್ಟು, ಕಾಲು ಇಂಚಿನ ಬೋಲ್ಟಿಗೆ ಗಟ್ಟಿ ಹಗ್ಗ ಕಟ್ಟಿ. ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿಯಿಂದ ಮುಂದಕ್ಕೆ 10 ಕಿಲೋ ತೋರಿಸುವ ತನಕ ಎಳೆಯಿರಿ. ಎಡಕ್ಕೆ, ಬಲಕ್ಕೆ, ಮೇಲಕ್ಕೂ ಹಾಗೇ. ಮೊದಲೇ ಕ್ಲ್ಯಾಂಪಿನಿಂದ ಪೈಪಿನ ಮೇಲಕ್ಕೆ ಪೆನ್ಸಿಲ್ ಗೀರು ಹಾಕಿಡಿ, ಕೂದಲೆಳೆ ಜರುಗಿದರೂ ಗೊತ್ತಾಗುತ್ತದೆ. ಜರುಗಿದರೆ ರಬ್ಬರ್ ದಪ್ಪದ್ದು ಹಾಕಿ ಅಥವಾ ಸಂದಿ ಹೆಚ್ಚಿಸಿ.

ಆಮೇಲೆ ಕ್ಯಾಮೆರಾ ಹಾಕಿ, ಅದನ್ನೇ ಹಿಡಿದು ಇಡೀ ಕಾರನ್ನು ಅಲ್ಲಾಡಿಸಲು ನೋಡಿ. ಕಾರಿನ ಜೊತೆಗೇ ಅಲುಗಬೇಕು, ತಾನೊಂದೇ ಅಲುಗಬಾರದು. ಕೊನೆಗೆ ನಿಜವಾದ ರಸ್ತೆ. ಕಾರು ರಸ್ತೆಗೆ ಇಳಿಯುವ ದಾಖಲೆ ಇರುವಂಥದ್ದಾದರೆ ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಮಾಮೂಲಿ ವೇಗದಲ್ಲಿ ಇಳಿದು ಬಂದರೆ ಸಾಕು. ಜೋರು ಬೇಕಿಲ್ಲ. ಒಳ್ಳೆಯ ತಿರುವು, ಕೆಟ್ಟ ಹೊಂಡ ಎರಡೂ ಅಲ್ಲಿ ಸಿಗುತ್ತವೆ. ತೋಟದೊಳಗಿನ ಸ್ವಂತ ಮಣ್ಣುರಸ್ತೆ ಇದ್ದರೆ ಇನ್ನೂ ಒಳ್ಳೆಯದು. ಮನೆಗೆ ಬಂದು ವಿಡಿಯೋವನ್ನು ದೊಡ್ಡ ಪರದೆಯಲ್ಲಿ ನೋಡಿ. ಡ್ಯಾಶ್‌ಬೋರ್ಡಿನ ಅಂಚು ನೇರ ಗೆರೆಯಾಗಿಯೇ ಇದ್ದರೆ ಮೌಂಟ್ ಪಾಸು.

ಸೆಟ್ಟಿಂಗ್ಸ್

ಒಳಗಿನ ಚಿತ್ರಕ್ಕೆ ಸ್ಟೆಬಿಲೈಸೇಶನ್ (ಚಿತ್ರದ ನಡುಕ ತೆಗೆಯುವ ಸಾಫ್ಟ್‌ವೇರ್) ಆಫ್ ಮಾಡಿ. ಕ್ಯಾಮೆರಾದೊಳಗಿನ ಜೈರೋ ಇಡೀ ಕಾರಿನ ಕುಲುಕಾಟ ಅಳೆದು, ಹೊರಗಿನ ಲೋಕವನ್ನು ಸ್ಥಿರ ಮಾಡಲು ಹೊರಡುತ್ತದೆ. ಆಗ ಸ್ಟೀರಿಂಗ್, ಸೀಟು, ಡ್ಯಾಶ್‌ಬೋರ್ಡ್ ಚೌಕಟ್ಟಿನಲ್ಲಿ ಈಜಾಡತೊಡಗುತ್ತವೆ. ಗಟ್ಟಿ ಮೌಂಟ್ ಮಾಡಿದ್ದೇ ಈ ಸಾಫ್ಟ್‌ವೇರ್ ಬೇಡವಾಗಲಿ ಅಂತ.

ಸೆಕೆಂಡಿಗೆ 60 ಫ್ರೇಮ್ ಇದ್ದರೆ ಕೈಚಲನೆ ಬಿಡಿಸಿ ನೋಡಬಹುದು. ಕಾಡಿನ ರಸ್ತೆಯಲ್ಲಿ ನೆರಳು ಬಿಸಿಲು ಚಣಕ್ಕೊಮ್ಮೆ ಬದಲಾಗುತ್ತದೆ, ಎಕ್ಸ್‌ಪೋಶರ್ ಆಟೋದಲ್ಲೇ ಇಟ್ಟು ಅರ್ಧ ಸ್ಟಾಪ್ ಇಳಿಸಿ, ಅಂದರೆ ಚಿತ್ರ ತುಸು ಕಪ್ಪಾಗಲಿ. ಕಾರ್ಡ್ ವಿ30 ಗುರುತಿನದ್ದಾಗಿರಲಿ, ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಎಂಬ ಖಾತ್ರಿ ಅದು.

ಈವೆಂಟ್ ದಿನ

ಚಿಕ್ಕಮಗಳೂರಿನ ಕಾಫಿ ತೋಟದ ಸ್ಟೇಜ್ ಇರಲಿ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇರಲಿ, ಕ್ಯಾಮೆರಾ ಹಾಕುವ ವಿಷಯವನ್ನು ಆಯೋಜಕರಿಗೆ ಮೊದಲೇ ತಿಳಿಸಿ. ಎಫ್‌ಎಂಎಸ್‌ಸಿಐ (ಭಾರತದ ಮೋಟಾರ್ ಕ್ರೀಡಾ ಒಕ್ಕೂಟ) ಅಡಿಯ ಸ್ಪರ್ಧೆಯಾದರೆ ಆ ಈವೆಂಟಿನ ನಿಯಮಪುಸ್ತಕ ಓದಿ. ಸ್ಕ್ರೂಟಿನಿಗೆ ಮೌಂಟ್ ಹಾಕಿಕೊಂಡೇ ಹೋಗಿ. ಅಲ್ಲಿ ಪಾಸಾದ ಮೇಲೆ ಜಾಗ ಬದಲಿಸಬೇಡಿ. ಅವರು ತೆಗೆಯಿರಿ ಅಂದರೆ ಸುಮ್ನೆ ತೆಗೆದುಬಿಡಿ, ವಾದ ಬೇಡ. ಹೆಲ್ಮೆಟ್ಟಿಗೆ ಕ್ಯಾಮೆರಾ ಅಂಟಿಸುವುದಂತೂ ಯಾವತ್ತೂ ಬೇಡ.

ಬಿಗಿದ ನಟ್ಟಿನಿಂದ ವಾಷರಿಗೆ ಉಗುರುಬಣ್ಣದಲ್ಲಿ ಒಂದು ಗೀರು ಎಳೆದಿಡಿ. ಸರ್ವಿಸ್‌ಗೆ ಬಂದಾಗಲೆಲ್ಲ ಕಣ್ಣು ಹಾಯಿಸಿದರೆ ಸಾಕು. ಗೀರು ತುಂಡಾಗಿದ್ದರೆ ನಟ್ ತಿರುಗಿದೆ ಎಂದೇ ಅರ್ಥ.

ನಮ್ಮ ಕಡೆಯ ಕೆಂಪು ಧೂಳನ್ನು ಲೆನ್ಸಿನಿಂದ ಬಟ್ಟೆಯಲ್ಲಿ ಒರೆಸಬೇಡಿ, ಗೀರು ಬೀಳುತ್ತದೆ. ಮೊದಲು ಊದುವ ಬಲ್ಬಿನಿಂದ ಹಾರಿಸಿ, ಆಮೇಲೆ ಮೆತ್ತನೆ ಬಟ್ಟೆ. ಸೀಸನ್ ಮುಗಿದು ಮಳೆ ಹಿಡಿಯುವ ಮೊದಲು ಮೌಂಟ್ ಬಿಚ್ಚಿ ತೊಳೆದು ಒಣಗಿಸಿ. ಕ್ಯಾಮೆರಾವನ್ನು ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಆಷಾಢದ ಥಂಡಿಯಲ್ಲಿ ಲೆನ್ಸಿಗೆ ಬೂಷ್ಟು ಬರುವುದು ಇಲ್ಲಿ ಮಾಮೂಲಿ. ಮತ್ತೆ ಜೋಡಿಸುವಾಗ ಹಳೆಯ ನೈಲಾಕ್ ನಟ್ ಬೇಡ, ಹೊಸದು ಹಾಕಿ. ರಬ್ಬರ್ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಅದನ್ನೂ ಬದಲಿಸಿ. ವೈರಿನ ಒಂದು ಎಳೆ ಬಿಚ್ಚಿದ್ದರೂ ಇಡೀ ವೈರ್ ಹೊಸದು ಕಟ್ಟಿ.